ಚದುರಂಗದ ದಂಡನಾಯಕ: ವಿಶ್ವನಾಥನ್ ಆನಂದರ ಆಟ ಕಲಿಸುವ ಪಾಠ

ಗದಗು ಸೀಮೆಯ ಜನರಿಗೆ ಯುದ್ಧದ ವರ್ಣನೆ ಹೊಸದಲ್ಲ. ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಭಾರತವನ್ನು ಹಾಡಿದ ನೆಲವಿದು. ಯಳವತ್ತಿಯಂಥ ಹಳ್ಳಿಯ ಕಟ್ಟೆಯ ಮೇಲೆ ಕುಳಿತ ಹಿರಿಯರ ಬಾಯಲ್ಲಿ ಅಭಿಮನ್ಯುವಿನ ಕಥೆಗೆ ಇಂದಿಗೂ ಕಳೆ ಕುಂದಿಲ್ಲ. ಚಕ್ರವ್ಯೂಹವನ್ನು ಹೊಗುವ ವಿದ್ಯೆ ಆ ಬಾಲಕನಿಗೆ ತಿಳಿದಿತ್ತು. ಹೊರಬರುವ ವಿದ್ಯೆ ತಿಳಿದಿರಲಿಲ್ಲ. ಶೌರ್ಯಕ್ಕೇನೂ ಕೊರತೆಯಿರಲಿಲ್ಲ; ಆದರೆ ಬೆಂಬಲಕ್ಕೆ ಬರಬೇಕಾದವರು ವ್ಯೂಹದ ಬಾಗಿಲಲ್ಲೇ ತಡೆಯಲ್ಪಟ್ಟರು.

ಅರವತ್ತನಾಲ್ಕು ಮನೆಗಳ ಚದುರಂಗದ ಪಟದ ಮೇಲೆ ಸೋಲುವವರಲ್ಲಿ ಬಹುಮಂದಿ ಇಂಥ ಅಭಿಮನ್ಯುಗಳೇ. ಮಂತ್ರಿಯೊಂದನ್ನೇ ಮುಂದಕ್ಕೆ ನುಗ್ಗಿಸಿ, ಆನೆ ಕುದುರೆಗಳನ್ನು ಮೂಲೆಯಲ್ಲಿ ಮಲಗಿಸಿ, ‘ದಾಳಿ ಮಾಡಿದೆ’ ಎಂದು ಬೀಗುವವರು ಹಲವರು. ದಾಳಿಯೆಂದರೆ ಸಾಹಸ, ಸಾಹಸವೆಂದರೆ ಎದೆಗಾರಿಕೆ ಎಂಬುದು ಸಾಮಾನ್ಯರ ತಿಳುವಳಿಕೆ. ಶ್ರೇಷ್ಠ ಆಟಗಾರರ ಆಟಗಳು ಹೇಳುವ ಮಾತೇ ಬೇರೆ. ದಾಳಿಯು ಸಿದ್ಧತೆಯ ಫಲ; ಸಿದ್ಧತೆಯು ಹಿಂದಿನವರ ಆಟಗಳನ್ನು ಶ್ರದ್ಧೆಯಿಂದ ಓದಿದುದರ ಫಲ. ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ವಿಶ್ವನಾಥನ್ ಆನಂದರ ಬಾಳು ಮತ್ತು ಅವರ ಒಂದು ಆಟ ಈ ಮಾತಿಗೆ ಉತ್ತಮ ನಿದರ್ಶನವಾಗಿವೆ.

ಅರಮನೆಯಿಂದ ಅಖಾಡಕ್ಕೆ

ಈ ಆಟ ಕನ್ನಡ ನಾಡಿಗೆ ಪರಕೀಯವಲ್ಲ. ಇಂದಿನ ಲಕ್ಷ್ಮೇಶ್ವರವು ಪುಲಿಗೆರೆಯೆಂದು ಹೆಸರಾಗಿದ್ದ ಕಾಲದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ನಡುವೆ ಚದುರಂಗಕ್ಕೂ ಸ್ಥಾನ ಕೊಟ್ಟಿದ್ದಾನೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ (1794–1868) ಮಣೆಯಾಟಗಳಲ್ಲಿ ಇದ್ದ ಆಸಕ್ತಿ ಅಪಾರ. ಒಂದೇ ಕುದುರೆ ಅರವತ್ತನಾಲ್ಕು ಮನೆಗಳನ್ನೂ ಒಂದೊಂದು ಸಲ ಮಾತ್ರ ಮೆಟ್ಟಿ ಬರಬೇಕೆಂಬ ಒಗಟಿನಲ್ಲಿ ಅವರು ನುರಿತವರಾಗಿದ್ದರು.

ಆದರೆ ಅರಮನೆಯ ವಿನೋದವೇ ಬೇರೆ, ಜಗತ್ತಿನ ಅಖಾಡದಲ್ಲಿ ಸೆಣಸುವ ವಿದ್ಯೆಯೇ ಬೇರೆ. ಅದಕ್ಕೆ ಗುರುಗಳು ಬೇಕು, ಗ್ರಂಥಗಳು ಬೇಕು, ಸರಿಸಮಾನರಾದ ಎದುರಾಳಿಗಳು ಬೇಕು. ಮದರಾಸಿನ ಮ್ಯಾನ್ಯುಯೆಲ್ ಆರನ್ 1961ರಲ್ಲಿ ಅಂತರರಾಷ್ಟ್ರೀಯ ಮಾಸ್ಟರ್ ಪದವಿಯನ್ನು ಪಡೆದ ಮೊದಲ ಭಾರತೀಯರಾದರು. ಅದಕ್ಕಿಂತ ಮೇಲಿನ ಗ್ರ್ಯಾಂಡ್‌ಮಾಸ್ಟರ್ ಪದವಿ ಭಾರತಕ್ಕೆ ದಕ್ಕಲು ಇನ್ನೂ 27 ವರ್ಷ ಕಾಯಬೇಕಾಯಿತು.

ತಾಯಿಯೇ ಮೊದಲ ಗುರು

ಆನಂದರು ಹುಟ್ಟಿದ್ದು 1969ರ ಡಿಸೆಂಬರ್ 11ರಂದು, ತಮಿಳುನಾಡಿನ ಮಯಿಲಾಡುತುರೈಯಲ್ಲಿ. ಆರನೆಯ ವಯಸ್ಸಿನಲ್ಲಿ ಆಟವನ್ನು ಕಲಿಸಿದವರು ತಾಯಿ ಸುಶೀಲಾ. ರೈಲ್ವೆ ಅಧಿಕಾರಿಯಾಗಿದ್ದ ತಂದೆಯವರ ಕೆಲಸದ ನಿಮಿತ್ತ ಕುಟುಂಬವು ಕೆಲಕಾಲ ಫಿಲಿಪ್ಪೀನ್ಸಿನ ಮನಿಲಾದಲ್ಲಿತ್ತು. ಅಲ್ಲಿಯ ದೂರದರ್ಶನದಲ್ಲಿ ಹಗಲು ಹೊತ್ತು ಚದುರಂಗದ ಕಾರ್ಯಕ್ರಮವೊಂದು ಬರುತ್ತಿತ್ತು. ಮಗ ಶಾಲೆಯಲ್ಲಿರುವಾಗ ತಾಯಿ ಆ ದಿನದ ಸಮಸ್ಯೆಯನ್ನು ಬರೆದಿಟ್ಟುಕೊಳ್ಳುವರು. ಸಂಜೆ ಇಬ್ಬರೂ ಕುಳಿತು ಬಿಡಿಸುವರು. ಸರಿಯುತ್ತರಕ್ಕೆ ಬಹುಮಾನ ಪುಸ್ತಕ. ಹುಡುಗ ಎಷ್ಟು ಸಲ ಗೆದ್ದನೆಂದರೆ, ಕೊನೆಗೆ ಕಾರ್ಯಕ್ರಮದವರು ಅವನನ್ನು ಪುಸ್ತಕಗಳ ಮುಂದೆ ನಿಲ್ಲಿಸಿ, ಬೇಕಾದುದನ್ನೆಲ್ಲ ಒಯ್ಯಿ, ಇನ್ನು ಉತ್ತರ ಕಳುಹಿಸಬೇಡ ಎಂದರಂತೆ. ಮದರಾಸಿಗೆ ಮರಳಿದ ಮೇಲೆ ತಾಲ್ ಚೆಸ್ ಕ್ಲಬ್ಬಿನಲ್ಲಿ ಹಿರಿಯರೊಡನೆ ಆಡುವ ಅವಕಾಶ ದೊರೆಯಿತು.

ಮುಂದಿನ ಏಳಿಗೆ ಬೇಗಬೇಗನೆ ನಡೆಯಿತು. 1986ರಲ್ಲಿ, ಹದಿನಾರರ ಹರೆಯದಲ್ಲಿ, ರಾಷ್ಟ್ರ ಚಾಂಪಿಯನ್. 1987ರಲ್ಲಿ ವಿಶ್ವ ಕಿರಿಯರ ಪ್ರಶಸ್ತಿ. 1988ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಪದವಿ. ಎದುರಾಳಿ ಒಂದು ಗಂಟೆ ಯೋಚಿಸಿದರೆ ಈ ತರುಣ ಕೆಲವೇ ನಿಮಿಷಗಳಲ್ಲಿ ಉತ್ತರ ಕೊಟ್ಟು ಎದ್ದು ತಿರುಗಾಡುತ್ತಿದ್ದ. ‘ಮಿಂಚಿನ ಹುಡುಗ’ ಎಂಬ ಹೆಸರು ಬಂದುದು ಇದರಿಂದಲೇ.

ಮಿಂಚಿಗೂ ಮಿತಿಯುಂಟೆಂಬುದು 1995ರಲ್ಲಿ ತಿಳಿಯಿತು. ನ್ಯೂಯಾರ್ಕಿನಲ್ಲಿ ಗ್ಯಾರಿ ಕ್ಯಾಸ್ಪರೋವ್ ಅವರೊಡನೆ ವಿಶ್ವಪಟ್ಟಕ್ಕಾಗಿ ಪಂದ್ಯ. ಮೊದಲ ಎಂಟು ಆಟಗಳು ಸಮ. ಒಂಬತ್ತನೆಯದನ್ನು ಆನಂದರು ಗೆದ್ದರು. ಹತ್ತನೆಯ ಆಟದಲ್ಲಿ ಕ್ಯಾಸ್ಪರೋವ್ ಮನೆಯಲ್ಲೇ ಸಿದ್ಧಪಡಿಸಿಕೊಂಡು ಬಂದ ಆನೆಯ ಬಲಿಯೊಂದನ್ನು ಪಟದ ಮೇಲೆ ಇಟ್ಟರು. ಅಲ್ಲಿಂದ ಪಂದ್ಯದ ಗತಿಯೇ ಬದಲಾಯಿತು. 10½–7½ ಅಂಕಗಳಿಂದ ಆನಂದರು ಸೋತರು. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಸಲ್ಲದೆಂಬ ಗಾದೆ ಇಂಥ ಸಂದರ್ಭಕ್ಕೇ ಹುಟ್ಟಿರಬೇಕು. ಎಣೆಯಿಲ್ಲದ ಪ್ರತಿಭೆಯೂ ಸಿದ್ಧತೆಯ ಮುಂದೆ ತಲೆಬಾಗಬೇಕಾದೀತೆಂಬುದನ್ನು ಆ ಪಂದ್ಯ ತೋರಿಸಿತು.

ಸೋತವರು ಕುಗ್ಗಲಿಲ್ಲ. 2000ದಲ್ಲಿ ಟೆಹರಾನಿನಲ್ಲಿ ಅಲೆಕ್ಸಿ ಶಿರೋವ್ ಅವರನ್ನು 3½–½ರಿಂದ ಸೋಲಿಸಿ ಅಂತರರಾಷ್ಟ್ರೀಯ ಒಕ್ಕೂಟದ ವಿಶ್ವಪಟ್ಟವನ್ನೇರಿದರು. 2007ರಲ್ಲಿ ಮೆಕ್ಸಿಕೋ ನಗರದಲ್ಲಿ ಮತ್ತೊಮ್ಮೆ ಪಟ್ಟ. ಅದನ್ನು 2008ರಲ್ಲಿ ಬಾನ್ ನಗರದಲ್ಲಿ ಕ್ರಾಮ್ನಿಕ್, 2010ರಲ್ಲಿ ಸೋಫಿಯಾದಲ್ಲಿ ಟೋಪಲೋವ್, 2012ರಲ್ಲಿ ಮಾಸ್ಕೋದಲ್ಲಿ ಗೆಲ್ಫಾಂಡ್ ಇವರ ಎದುರು ಕಾಯ್ದುಕೊಂಡರು. 2013ರ ನವೆಂಬರಿನಲ್ಲಿ, ಚೆನ್ನೈಯಲ್ಲಿಯೇ, ನಾರ್ವೆಯ ತರುಣ ಮ್ಯಾಗ್ನಸ್ ಕಾರ್ಲ್‌ಸನ್ ಆ ಪಟ್ಟವನ್ನು ಗೆದ್ದುಕೊಂಡರು. ಅದೇ ವರ್ಷದ ಜನವರಿಯಲ್ಲಿ, ನಲವತ್ತಮೂರನೆಯ ವಯಸ್ಸಿನಲ್ಲಿ ಆನಂದರು ಆಡಿದ ಒಂದು ಆಟವೇ ಇಲ್ಲಿ ಮುಖ್ಯವಾದುದು. ಆದರೆ ಅದನ್ನು ಅರಿಯಬೇಕಾದರೆ ನೂರು ವರ್ಷಕ್ಕೂ ಹಿಂದಿನ ಇನ್ನೊಂದು ಆಟವನ್ನು ಮೊದಲು ನೋಡಬೇಕು.

ಲೋಡ್ಜ್ ನಗರದ ಅಮರ ಆಟ

ಪಟದ ಪರಿಚಯ ಕಡಿಮೆಯಿರುವ ವಾಚಕರಿಗೆ ಒಂದೆರಡು ಮಾತು. ರಾಜ, ಮಂತ್ರಿ, ಆನೆ, ಒಂಟೆ, ಕುದುರೆ, ಕಾಲಾಳು — ಇವು ಕಾಯಿಗಳು. ಆನೆ ನೇರ ನಡೆಯುತ್ತದೆ, ಒಂಟೆ ಓರೆಯಾಗಿ. ಮಂತ್ರಿಗೆ ಎರಡು ನಡಿಗೆಯೂ ಉಂಟು. ರಾಜನ ಮೇಲೆ ಏರಿಹೋಗುವುದು ‘ಶಹ’. ತಪ್ಪಿಸಿಕೊಳ್ಳಲಾಗದ ಶಹವೇ ‘ಮಾತ್’. ಬಿಳಿಯ ಕಡೆಯಿಂದ ನೋಡಿದಾಗ ಎಡದಿಂದ ಬಲಕ್ಕೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂಬ ಎಂಟು ಸಾಲುಗಳು. ಕೆಳಗಿನಿಂದ ಮೇಲಕ್ಕೆ 1ರಿಂದ 8ರವರೆಗೆ ಅಂಕಿಗಳು. ಪ್ರತಿಯೊಂದು ಮನೆಗೂ ಹೀಗೆ ಒಂದು ಹೆಸರು.

ಅಕಿಬಾ ರೂಬಿನ್‌ಸ್ಟೈನ್ (1880–1961) ಪೋಲೆಂಡಿನ ಸ್ತಾವಿಸ್ಕಿ ಎಂಬ ಸಣ್ಣ ಊರಿನ ಯಹೂದಿ ಮನೆತನದವರು. ಧರ್ಮಗುರುವಾಗಲೆಂದು ಮನೆಯವರ ಬಯಕೆ. ಚದುರಂಗವನ್ನು ಕಲಿತದ್ದು ಹದಿಹರೆಯಕ್ಕೆ ಬಂದ ಮೇಲೆ. ಇತರ ಮಹಾ ಆಟಗಾರರಿಗೆ ಹೋಲಿಸಿದರೆ ಬಹಳ ತಡವಾಗಿ. ಆದರೂ 1912ರ ಒಂದೇ ವರ್ಷದಲ್ಲಿ ಐದು ದೊಡ್ಡ ಪಂದ್ಯಾವಳಿಗಳಲ್ಲಿ ಅಗ್ರಸ್ಥಾನ ಪಡೆದರು. ವಿಶ್ವಪಟ್ಟಕ್ಕಾಗಿ ಲಾಸ್ಕರ್ ಅವರೊಡನೆ ನಡೆಯಬೇಕಿದ್ದ ಪಂದ್ಯ 1914ರ ಮಹಾಯುದ್ಧದ ದೆಸೆಯಿಂದ ನಡೆಯಲೇ ಇಲ್ಲ. ಮುಂದೆ ಮನಸ್ಸಿನ ಕಾಯಿಲೆ ಅವರನ್ನು ಪಟದಿಂದ ದೂರ ಮಾಡಿತು. ಪಟ್ಟ ಕೈತಪ್ಪಿದರೂ ಆಟಗಳು ಉಳಿದವು.

1907ರ ಡಿಸೆಂಬರ್ 26. ಆಗ ರಷ್ಯದ ಆಳ್ವಿಕೆಗೆ ಒಳಪಟ್ಟಿದ್ದ ಪೋಲೆಂಡಿನ ಲೋಡ್ಜ್ ನಗರ. ಬಿಳಿಯ ಕಾಯಿಗಳು ರೊಟ್ಲೆವಿ ಎಂಬ ತರುಣನವು, ಕರಿಯವು ರೂಬಿನ್‌ಸ್ಟೈನರವು. ಆರಂಭದಲ್ಲಿ ಎರಡು ಸೈನ್ಯಗಳೂ ಕನ್ನಡಿಯ ಪ್ರತಿಬಿಂಬದಂತೆ ನಿಂತವು. ಆದರೆ ಬಿಳಿಯ ಒಂಟೆಯೂ ಮಂತ್ರಿಯೂ ಒಂದೇ ನಡೆಯಲ್ಲಿ ಸೇರಬಹುದಾಗಿದ್ದ ಮನೆಗೆ ಎರಡು ನಡೆ ತೆಗೆದುಕೊಂಡವು. ಆ ಬಿಡುವಿನಲ್ಲಿ ರೂಬಿನ್‌ಸ್ಟೈನರು ಸದ್ದಿಲ್ಲದೆ ಎರಡು ಆನೆಗಳನ್ನೂ ಸಿ ಮತ್ತು ಡಿ ಸಾಲುಗಳಿಗೆ ತಂದು ನಿಲ್ಲಿಸಿದರು. ಎರಡು ಒಂಟೆಗಳೂ ಬಿಳಿಯ ರಾಜನ ಕೋಟೆಯತ್ತ ದೃಷ್ಟಿಯಿಟ್ಟವು. ರೊಟ್ಲೆವಿ ಅದನ್ನು ಗಮನಿಸದೆ ನಡುವಿನ ಕಾಲಾಳುಗಳನ್ನು ಮುಂದೆ ನೂಕಿದ. ನೂಕಿದಷ್ಟೂ ಅವನ ರಾಜನ ಸುತ್ತಣ ಓರೆದಾರಿಗಳು ತೆರೆದುಕೊಂಡವು.

19ನೆಯ ನಡೆಯಲ್ಲಿ ಬಿ 6ರಿಂದ ಒಂಟೆಯ ಶಹ. ರಾಜ ಮೂಲೆಗೆ, ಎಚ್ 1ಕ್ಕೆ, ಸರಿದ. ಕರಿಯ ಕುದುರೆ ಜಿ 4ಕ್ಕೆ ಜಿಗಿಯಿತು. ಬಿಳಿಯ ಮಂತ್ರಿ ಅದನ್ನು ಕೊಂದರೆ ಅದು ಕಾಯುತ್ತಿದ್ದ ಡಿ 3ರ ಒಂಟೆ ಆನೆಗೆ ತುತ್ತಾಗುತ್ತದೆ. ಬಿಳಿಯ ಒಂಟೆ ಇ 4ಕ್ಕೆ ಬಂದು ದಾರಿಗೆ ಅಡ್ಡ ನಿಂತಿತು. ಕರಿಯ ಮಂತ್ರಿ ಎಚ್ 4ಕ್ಕೆ ಬಂದು ಮಾತ್ ಮಾಡುವ ಭಯವೊಡ್ಡಿತು. ಕಾಲಾಳನ್ನು ಜಿ 3ಕ್ಕೆ ನಡೆಸಿ ರೊಟ್ಲೆವಿ ಮಂತ್ರಿಯನ್ನು ಅಟ್ಟಹೋದ.

ಇಲ್ಲಿ ರೂಬಿನ್‌ಸ್ಟೈನರು ಮಂತ್ರಿಯನ್ನು ಹಿಂದೆಗೆಯಲಿಲ್ಲ. ಅದನ್ನು ಕೊಲ್ಲಲು ಬಿಟ್ಟು, ಆನೆಯಿಂದ ಸಿ 3ರ ಕುದುರೆಯನ್ನು ಹೊಡೆದರು. ಮಂತ್ರಿ ಹೋಯಿತು. ಮರುನಡೆಯಲ್ಲಿ ಇನ್ನೊಂದು ಆನೆಯನ್ನೂ ಡಿ 2ರಲ್ಲಿ ಶತ್ರು ಮಂತ್ರಿಯ ಬಾಯಿಗೇ ಇಟ್ಟರು. ಮಂತ್ರಿ ಆ ಆನೆಯನ್ನು ನುಂಗಿತು. ಆದರೆ ಅದು ಕಾಯುತ್ತಿದ್ದ ಇ 4ರ ಒಂಟೆ ಅನಾಥವಾಯಿತು. ಬಿ 7ರ ಒಂಟೆ ಅದನ್ನು ಕೊಂದು ಶಹ ಕೊಟ್ಟಿತು. ಬಿಳಿಯ ಮಂತ್ರಿ ಜಿ 2ರಲ್ಲಿ ಅಡ್ಡ ಬಂದು ಕಟ್ಟುಬಿದ್ದಿತು. ಕದಲಿದರೆ ರಾಜನಿಗೆ ಶಹ. ಕೊನೆಗೆ ಉಳಿದ ಆನೆ ಮೂರನೆಯ ಸಾಲಿನುದ್ದಕ್ಕೂ ಹರಿದು ಎಚ್ 3ರಲ್ಲಿ ನಿಂತಿತು. ಮುಂದಿನ ಮಾತನ್ನು ತಡೆಯಲು ಉಪಾಯವಿರಲಿಲ್ಲ. 25ನೆಯ ನಡೆಗೆ ರೊಟ್ಲೆವಿ ಸೋಲೊಪ್ಪಿದ. ಅವನ ಎ 1ರ ಆನೆ ಆಟದುದ್ದಕ್ಕೂ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ.

ನೂರು ವರ್ಷದ ಬಳಿಕ ಮೊಳೆತ ಬೀಜ

2013ರ ಜನವರಿ 15. ನೆದರ್ಲೆಂಡ್ಸಿನ ವೈಕ್ ಆನ್ ಝೀ ಎಂಬ ಕಡಲ ತೀರದ ಊರು. ಬಿಳಿಯ ಕಾಯಿಗಳು ಆರ್ಮೇನಿಯದ ಲೆವೊನ್ ಅರೋನಿಯನ್ ಅವರವು. ಅವರು ಆ ಕಾಲದ ಅಗ್ರಗಣ್ಯರಲ್ಲೊಬ್ಬರು. ಕರಿಯವು ವಿಶ್ವ ಚಾಂಪಿಯನ್ ಆನಂದರವು.

ಆನಂದರು ಆರಿಸಿಕೊಂಡ ವ್ಯೂಹಕ್ಕೆ ‘ಮೆರಾನ್’ ಎಂದು ಹೆಸರು. 1924ರಲ್ಲಿ ಮೆರಾನೋ ಎಂಬಲ್ಲಿ ಗ್ರ್ಯೂನ್‌ಫೆಲ್ಡ್ ಅವರ ವಿರುದ್ಧ ಅದನ್ನು ಆಡಿ ಗೆದ್ದು ಪ್ರಸಿದ್ಧಿಗೆ ತಂದವರು ಅದೇ ರೂಬಿನ್‌ಸ್ಟೈನರು. 2008ರಲ್ಲಿ ಬಾನ್ ನಗರದಲ್ಲಿ ಆನಂದರು ಕ್ರಾಮ್ನಿಕ್‌ರನ್ನು 3ನೆಯ ಮತ್ತು 5ನೆಯ ಆಟಗಳಲ್ಲಿ, ಎರಡು ಸಲವೂ ಕರಿಯ ಕಾಯಿಗಳಿಂದ, ಸೋಲಿಸಿದ್ದು ಇದೇ ವ್ಯೂಹದ ಬಲದಿಂದ.

11 ನಡೆಗಳ ಬಳಿಕ ಕರಿಯ ಸೈನ್ಯದಲ್ಲಿ ಒಂಟೆ, ಕುದುರೆಗಳೆಲ್ಲ ತಮ್ಮ ತಮ್ಮ ಠಾಣೆಗಳಲ್ಲಿದ್ದವು. ಒಂದು ಆನೆ ಸಿ ಸಾಲನ್ನು ಹಿಡಿದಿತ್ತು. ಬಿಳಿಯ ಕಡೆ ಸಿ 1ರ ಒಂಟೆಯೂ ಎ 1ರ ಆನೆಯೂ ಎದ್ದೇ ಇರಲಿಲ್ಲ. ಆದರೂ ಅರೋನಿಯನ್ ಕುದುರೆಯನ್ನು ಜಿ 5ಕ್ಕೆ ನುಗ್ಗಿಸಿದರು. ಆನಂದರು ಅದಕ್ಕೆ ಹೆದರದೆ ಸಿ ಸಾಲಿನ ಕಾಲಾಳನ್ನು ಮುಂದಿಟ್ಟು ಬಿ 7ರ ಒಂಟೆಗೆ ಉದ್ದನೆಯ ಓರೆದಾರಿಯನ್ನು ತೆರೆದರು. ಬಿಳಿಯ ಕುದುರೆ ಎಚ್ 7ರ ಕಾಲಾಳನ್ನು ಕೊಂದು ಆನೆಯ ಮೇಲೂ ಕಣ್ಣಿಟ್ಟಿತು. ಅದನ್ನು ಹೊಡೆಯಬಹುದಾಗಿದ್ದ ಕರಿಯ ಕುದುರೆ ಅತ್ತ ತಿರುಗಿಯೂ ನೋಡದೆ ಜಿ 4ಕ್ಕೆ ಹಾರಿತು. ಹೌದು, 1907ರ ಅದೇ ಮನೆ!

ರಾಜನನ್ನು ಕಾಯಲು ಅರೋನಿಯನ್ ಕಾಲಾಳನ್ನು ಎಫ್ 4ಕ್ಕೆ ನಡೆಸಿದರು. ನಡುವೆ ಕಾಲಾಳುಗಳ ವಿನಿಮಯವಾಯಿತು. 15ನೆಯ ನಡೆಯಲ್ಲಿ ಆನಂದರು ಒಂಟೆಯನ್ನು ಸಿ 5ರಲ್ಲಿ ಕಾಲಾಳಿನ ಬಾಯಿಗಿಟ್ಟರು. ಅದನ್ನು ತಿಂದರೆ ಇನ್ನೊಂದು ಕುದುರೆ ಅಲ್ಲಿಗೆ ಜಿಗಿದು, ಹಿಂದಿನ ಮಂತ್ರಿಗೆ ಡಿ 4ರ ದಾರಿ ತೆರೆಯುತ್ತದೆ. ಬಿಳಿಯ ಒಂಟೆ ಇ 2ಕ್ಕೆ ಹಿಮ್ಮೆಟ್ಟಿ ಜಿ 4ರ ಕುದುರೆಯನ್ನು ಕೆಣಕಿತು. ಆಗ ಆನಂದರು ಎರಡನೆಯ ಕುದುರೆಯನ್ನೂ ಇ 5ಕ್ಕೆ ತಂದರು. ಒಂದು ಆನೆ, ಒಂದು ಒಂಟೆ, ಎರಡು ಕುದುರೆ — ನಾಲ್ಕು ಕಾಯಿಗಳೂ ಏಕಕಾಲದಲ್ಲಿ ಶತ್ರುವಿನ ಬಾಯಲ್ಲಿ!

ಇದು ಹುಚ್ಚು ಸಾಹಸವೇ? ಲೆಕ್ಕ ಹಾಕಿ ನೋಡಬೇಕು. ಎಫ್ 4ರ ಕಾಲಾಳು ಇ 5ರ ಕುದುರೆಯನ್ನು ಕೊಂದಿತೆನ್ನಿ. ಕರಿಯ ಮಂತ್ರಿ ಡಿ 4ರ ಕಾಲಾಳನ್ನು ಹೊಡೆದು ಶಹ ಕೊಡುತ್ತದೆ. ರಾಜ ಎಚ್ 1ಕ್ಕೆ. ಮಂತ್ರಿ ಜಿ 1ಕ್ಕೆ ನುಗ್ಗಿ ಪ್ರಾಣವನ್ನೇ ಒಪ್ಪಿಸುತ್ತದೆ. ಸಿ 5ರ ಒಂಟೆಯ ಬೆಂಬಲವಿರುವುದರಿಂದ ರಾಜ ಅದನ್ನು ಮುಟ್ಟುವಂತಿಲ್ಲ, ಆನೆಯೇ ಕೊಲ್ಲಬೇಕು. ಕುದುರೆ ಎಫ್ 2ಕ್ಕೆ ಬಂದು ಶಹ ಕೊಟ್ಟರೆ ರಾಜ ತನ್ನವರ ನಡುವೆಯೇ ಉಸಿರುಕಟ್ಟಿ ಮಾತ್ ಆಗುತ್ತಾನೆ. ನಾಲ್ಕು ಕಾಯಿಗಳ ಆ ‘ಸಾಹಸ’ದ ಹಿಂದೆ ಇಂಥ ಗಣಿತವಿತ್ತು.

ಅರೋನಿಯನ್ ಈ ಬಲೆಗೆ ಬೀಳಲಿಲ್ಲ. ಒಂಟೆಯಿಂದ ಜಿ 4ರ ಕುದುರೆಯನ್ನು ಕೊಂದರು. ಕರಿಯ ಒಂಟೆ ಡಿ 4ರ ಕಾಲಾಳನ್ನು ಹೊಡೆದು ಶಹ ಕೊಟ್ಟಿತು. ರಾಜ ಮತ್ತೆ ಅದೇ ಎಚ್ 1ಕ್ಕೆ. ಎರಡನೆಯ ಕುದುರೆ ಜಿ 4ರಲ್ಲಿ ಮೊದಲನೆಯದರ ಠಾಣೆಯನ್ನು ಹಿಡಿಯಿತು. ಬಿಳಿಯ ಕುದುರೆ ಎಫ್ 8ರ ಆನೆಯನ್ನು ನುಂಗಿತು. ಆ ಕುದುರೆಯನ್ನು ಕೊಲ್ಲುವುದು ಸುಲಭವಾಗಿತ್ತು. ಆನಂದರು ಅದನ್ನೂ ಬಿಟ್ಟು, ಕಾಲಾಳನ್ನು ಎಫ್ 5ಕ್ಕೆ ನಡೆಸಿ ಬಿಳಿಯ ಮಂತ್ರಿಯ ದಾರಿಯನ್ನು ಮುಚ್ಚಿದರು. ಒಳಹೊಕ್ಕ ಕುದುರೆ ಅಭಿಮನ್ಯುವಿನಂತೆ ಹೊರದಾರಿ ಕಾಣದೆ ಜಿ 6ರಲ್ಲಿ ಕರಿಯ ಮಂತ್ರಿಗೆ ಬಲಿಯಾಯಿತು.

ಉಳಿದದ್ದು ಎರಡು ಹೆಜ್ಜೆ. ಮಂತ್ರಿ ಎಚ್ 5ಕ್ಕೆ ಬಂದು ಎಚ್ 3ರಲ್ಲಿ ಮಾತ್ ಮಾಡುವ ಹೊಂಚು ಹಾಕಿತು. ಬಿಳಿಯ ಮಂತ್ರಿ ಡಿ 3ಕ್ಕೆ ಬಂದು ಮೂರನೆಯ ಸಾಲಿನುದ್ದಕ್ಕೂ ಕಾವಲು ನಿಂತಿತು. 23ನೆಯ ನಡೆಯಲ್ಲಿ ಕರಿಯ ಒಂಟೆ ಇ 3ರಲ್ಲಿ ಆ ಸಾಲಿಗೇ ಅಡ್ಡ ಕುಳಿತಿತು. ಅರೋನಿಯನ್ ಕೈಚಾಚಿ ಸೋಲೊಪ್ಪಿದರು. ಅವರ ಸಿ 1ರ ಒಂಟೆ, ಎ 1ರ ಆನೆ ಕೊನೆಯವರೆಗೂ ಹುಟ್ಟಿದ ಮನೆಯಲ್ಲೇ ಇದ್ದವು.

ಎರಡು ಆಟ, ಒಂದೇ ವ್ಯೂಹ

ಎರಡು ಆಟಗಳ ಕೊನೆಯ ಚಿತ್ರವನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಎರಡರಲ್ಲಿಯೂ ಬಿಳಿಯ ರಾಜ ಎಚ್ 1ರ ಮೂಲೆಯಲ್ಲಿ. ಎರಡರಲ್ಲಿಯೂ ಒಂದು ಒಂಟೆ ಅವನಿಗೆ ಜಿ 1ರ ದಾರಿಯನ್ನು ಕಟ್ಟಿದೆ. ಬಿ 7ರಿಂದ ಹೊರಟ ಇನ್ನೊಂದು ಒಂಟೆಯ ನೋಟ ಜಿ 2ರಲ್ಲಿರುವ ರಕ್ಷಕನನ್ನು ಕದಲದಂತೆ ಹಿಡಿದಿದೆ. ಎರಡರಲ್ಲಿಯೂ ಜಿ 4ರಲ್ಲಿ ಕುದುರೆ. ಎರಡರಲ್ಲಿಯೂ ಸೋತವನ ಆನೆ ಎ 1ರಲ್ಲಿ ನಿದ್ರೆಯಲ್ಲಿದೆ. ಅಂದಮೇಲೆ, ಕಾಯಿಗಳ ಎಣಿಕೆಯಲ್ಲಿ ಬಿಳಿಯವರು ಮುಂದಿದ್ದರೂ, ಯುದ್ಧ ನಡೆದ ಸ್ಥಳದಲ್ಲಿ ಬಲ ಹೆಚ್ಚಾಗಿದ್ದುದು ಕರಿಯವರಿಗೆ. ಮನೆಯಲ್ಲಿ ಕುಳಿತ ಸೈನಿಕ ಲೆಕ್ಕದಲ್ಲಿದ್ದರೂ ಯುದ್ಧದಲ್ಲಿಲ್ಲ.

ಆನಂದರು ರೂಬಿನ್‌ಸ್ಟೈನರ ನಡೆಗಳನ್ನು ನಕಲು ಮಾಡಲಿಲ್ಲ. ಎರಡು ಆಟಗಳ ನಡೆಗಳು ಬೇರೆ, ಬಲಿಕೊಟ್ಟ ಕಾಯಿಗಳು ಬೇರೆ. ಆದರೆ ಆ ವ್ಯೂಹದ ಮರ್ಮ ಬಾಲ್ಯದಿಂದ ಓದಿದವರ ಮನಸ್ಸಿನಲ್ಲಿ ನೆಲೆಗೊಂಡಿರುತ್ತದೆ. ಸಮಯ ಬಂದಾಗ ತಾನಾಗಿ ಏಳುತ್ತದೆ. ಮಳೆ ಬಿದ್ದ ಮೇಲೆ ಕೂರಿಗೆಯನ್ನು ಹುಡುಕುವವನಿಗೂ ಮೊದಲೇ ಹೊಲ ಹರಗಿ ಹದಮಾಡಿಟ್ಟವನಿಗೂ ಇರುವ ಅಂತರವೇ ಇದು.

ಓದುವ ಬಗೆ

ಇಂಥ ಆಟಗಳನ್ನು ಕಣ್ಣಾಡಿಸಿ ಬಿಟ್ಟರೆ ಕಥೆ ಕೇಳಿದ ಸುಖ ಬಂದೀತು, ವಿದ್ಯೆ ಬಾರದು. ಪಟವನ್ನು ಹಾಸಿ, ಕಾಯಿಗಳನ್ನಿಟ್ಟು, ಗೆದ್ದವನ ನಡೆಗಳ ಮೇಲೆ ಕಾಗದ ಮುಚ್ಚಬೇಕು. ಪ್ರತಿ ನಡೆಗೂ ತನ್ನ ಉತ್ತರವನ್ನು ಮೊದಲು ಬರೆದು ಆಮೇಲೆ ಕಾಗದ ಸರಿಸಬೇಕು. ಉತ್ತರ ಬೇರೆಯಾದರೆ ಏಕೆಂದು ವಿಚಾರಿಸಬೇಕು. ದಾಳಿ ಆರಂಭವಾಗುವ ನಡೆಯಲ್ಲಿ ನಿಂತು, ತನ್ನ ಕಡೆ ಎಷ್ಟು ಕಾಯಿಗಳು ಶತ್ರುರಾಜನತ್ತ ಮುಖ ಮಾಡಿವೆ, ಅವನ ರಕ್ಷಣೆಗೆ ಎಷ್ಟಿವೆ ಎಂದು ಎಣಿಸಬೇಕು. ಸೋತವನು ಯಾವ ನಡೆಯಲ್ಲಿ ಎಡವಿದ, ಬೇರೆ ಏನು ಮಾಡಬಹುದಿತ್ತು ಎಂಬುದನ್ನೂ ಹುಡುಕಬೇಕು. ಒಂದು ಆಟಕ್ಕೆ ಒಂದು ವಾರ ಹಿಡಿದರೂ ನಷ್ಟವಿಲ್ಲ. ಅವಸರದಲ್ಲಿ ನೋಡಿದ ನೂರು ಆಟಗಳಿಗಿಂತ ಹೀಗೆ ಅರಗಿಸಿಕೊಂಡ ಹತ್ತು ಆಟಗಳು ಮೇಲು.

ಕರ್ನಾಟಕದ ಮಟ್ಟಿಗೆ ಈ ಮಾತಿಗೆ ವಿಶೇಷ ಅರ್ಥವಿದೆ. ಭಾರತಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ದೊರೆತದ್ದು 1988ರಲ್ಲಿ; ಕರ್ನಾಟಕಕ್ಕೆ 2017ರಲ್ಲಿ. ಮೈಸೂರಿನ ಎಂ. ಎಸ್. ತೇಜಕುಮಾರ್, ಮೂವತ್ತು ದಾಟಿ ಎಷ್ಟೋ ವರ್ಷಗಳಾದ ಬಳಿಕ, ದೇಶದ ಐವತ್ತನೆಯ ಗ್ರ್ಯಾಂಡ್‌ಮಾಸ್ಟರ್ ಆದರು. 2022ರಲ್ಲಿ ಬೆಂಗಳೂರಿನ ಪ್ರಣವ್ ಆನಂದ್ ಹದಿನೈದನೆಯ ವಯಸ್ಸಿಗೇ ಆ ಪದವಿಯನ್ನೂ ಹದಿನಾರರೊಳಗಿನವರ ವಿಶ್ವಪಟ್ಟವನ್ನೂ ಗಳಿಸಿದರು. 2024ರ ಡಿಸೆಂಬರಿನಲ್ಲಿ ಚೆನ್ನೈಯ ಡಿ. ಗುಕೇಶ್ ಹದಿನೆಂಟನೆಯ ವಯಸ್ಸಿನಲ್ಲಿ ವಿಶ್ವ ಚಾಂಪಿಯನ್ ಆದರು. ಇವರೆಲ್ಲ ಬಂದುದು ಗುರುಗಳೂ ಸಹಪಾಠಿಗಳೂ ಸಿಗುವ ದೊಡ್ಡ ನಗರಗಳಿಂದ.

ಯಳವತ್ತಿಯಂಥ ಊರಿನ ಬಾಲಕ ಬಾಲಕಿಯರಿಗೆ ಗ್ರ್ಯಾಂಡ್‌ಮಾಸ್ಟರ್ ಗುರುವಿನ ಮನೆ ನೆರೆಯಲ್ಲಿಲ್ಲ, ನಿಜ. ಚುರುಕಿಗೇನೂ ಅವರಲ್ಲಿ ಬರವಿಲ್ಲ. ಹುಲಿಕಟ್ಟಿನ ಆಟದಲ್ಲಿ ಹಿರಿಯರ ಹುಲಿಯನ್ನು ಕಟ್ಟಿಹಾಕುವ ಮಕ್ಕಳು ಹಳ್ಳಿಹಳ್ಳಿಯಲ್ಲೂ ಇದ್ದಾರೆ. ಅವರಿಗೆ ಇಲ್ಲದ್ದು ಹೇಳಿಕೊಡುವವರು. ಆದರೆ ರೂಬಿನ್‌ಸ್ಟೈನರಾಗಲಿ ಆನಂದರಾಗಲಿ ತಮ್ಮ ವಿದ್ಯೆಯನ್ನು ಯಾರಿಂದಲೂ ಮುಚ್ಚಿಟ್ಟಿಲ್ಲ. ಆಡಿದ ಪ್ರತಿಯೊಂದು ನಡೆಯೂ ಅಚ್ಚಾಗಿ ಉಳಿದಿದೆ. ಶಾಲೆಯೊಂದು ನಾಲ್ಕು ಪಟಗಳನ್ನೂ ಒಂದು ಆಟಗಳ ಸಂಗ್ರಹವನ್ನೂ ತರಿಸಿ, ವಾರಕ್ಕೊಂದು ಸಂಜೆಯನ್ನು ಅದಕ್ಕೆ ಮೀಸಲಿಟ್ಟರೆ ಸಾಕು. ಲೋಡ್ಜ್ ನಗರದ ಆ ಗುರು ಇಲ್ಲಿಗೂ ಬಂದು ಪಾಠ ಹೇಳುತ್ತಾನೆ. ಮನಿಲಾದಲ್ಲಿ ಆ ತಾಯಿ ಮಗನಿಗಾಗಿ ಮಾಡಿದ್ದು ಇದಕ್ಕಿಂತ ದೊಡ್ಡ ಕೆಲಸವೇನಲ್ಲ: ಆ ದಿನದ ಸಮಸ್ಯೆಯನ್ನು ಬರೆದಿಟ್ಟುಕೊಂಡು, ಸಂಜೆ ಮಗನ ಜೊತೆ ಕುಳಿತುಕೊಂಡಿದ್ದರು.